ತೂಗುವ ಹಡಗಿನಲ್ಲಿ ಅತ್ತಿಗೆಯ ಕೈ

ಹಲ್ಲಿನ ಡಾಕ್ಟರುಗಳನ್ನು ಒಬ್ಬೊಬ್ಬರನ್ನೇ ನೋಡಿದರೆ ಎಲ್ಲರೂ ಸಭ್ಯರೇ. ಒಂದು ಹಡಗಿಗೆ ಒಟ್ಟಿಗೆ ತುಂಬಿದಾಗ ನೋಡಬೇಕು ಅವರ ಅವತಾರ. ಮುಖಕ್ಕಿಂತ ಮೊದಲು ಬಾಯಿ ನೋಡುತ್ತಾರೆ. ಹೆಸರು ಮರೆಯುತ್ತಾರೆ, ಕೋರೆಹಲ್ಲು ಮರೆಯುವುದಿಲ್ಲ. ಊಟದ ಮೇಜಿನಲ್ಲಿ ಎದುರಿಗೆ ಕೂತವರು ಬಾಯಿ ತೆರೆದರೆ ಸಾಕು, ಆ ಹಲ್ಲು ಕಟ್ಟಿದ್ದು ಎಂಥವರು, ಕಟ್ಟುವಾಗ ಅವರ ಗಮನ ಎಲ್ಲಿತ್ತು ಎಂದು ಮನಸ್ಸಿನಲ್ಲೇ ತೀರ್ಪು ಕೊಟ್ಟುಬಿಡುತ್ತಾರೆ. ಊಟ ಬಡಿಸುವ ಸಿಬ್ಬಂದಿ ಹಡಗು ಹೊರಟ ಮರುದಿನಕ್ಕೇ ಬಾಯಿ ಮುಚ್ಚಿಕೊಂಡು ನಗುವುದನ್ನು ಕಲಿತಿದ್ದರು.

ಆ ಹಡಗಿನಲ್ಲಿ ಡಾಕ್ಟರಮ್ಮನೂ ಇದ್ದರು. ಜೊತೆಗೆ ಗಂಡ, ಗಂಡನ ತಮ್ಮ, ತಮ್ಮನ ಹೆಂಡತಿ. ಗಂಡ ಭೂಗೋಳದ ಮೇಷ್ಟ್ರಾಗಿ ನಿವೃತ್ತರಾದವರು. ಜೀವಮಾನವಿಡೀ ಮಕ್ಕಳಿಗೆ ಸಮುದ್ರದ ಪಾಠ ಹೇಳಿಯೂ ಸಮುದ್ರದಲ್ಲಿ ಪಾದ ತೋಯಿಸಿದವರಲ್ಲ. ಗಂಡನ ತಮ್ಮನೂ ಹಲ್ಲಿನ ಡಾಕ್ಟರೇ. ಡಾಕ್ಟರಮ್ಮ ಮದುವೆಯಾಗಿ ಆ ಮನೆಗೆ ಬಂದಾಗ ಅವನು ಚಡ್ಡಿ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದ. ಆಗ ಪುಟ್ಟ ಎಂದು ಕರೆದದ್ದು, ತಲೆಯ ಮುಂಭಾಗ ಬೋಳಾದ ಮೇಲೂ ಪುಟ್ಟ ಎಂದೇ ಉಳಿದುಬಿಟ್ಟಿತ್ತು. ಅತ್ತಿಗೆಯನ್ನು ನೋಡಿಯೇ ಅವನು ಈ ಓದಿಗೆ ಸೇರಿದ್ದು. ಈಗ ಇಬ್ಬರದೂ ಒಂದೇ ಕ್ಲಿನಿಕ್: ಬೀದಿಗೆ ತೆರೆಯುವ ಬಾಗಿಲು, ಕಾಯುವವರಿಗೆ ಬೆಂಚು, ಒಳಗೆ ಎರಡು ಕುರ್ಚಿ. ಕಿಟಕಿ ಪಕ್ಕದ್ದು ಅತ್ತಿಗೆಯದು, ಗೋಡೆ ಪಕ್ಕದ್ದು ಪುಟ್ಟನದು.

ಕಿಟಕಿ ಪಕ್ಕದ ಆ ಕುರ್ಚಿಯೇ ಈಗ ತಕರಾರಿಗೆ ಬಿದ್ದಿತ್ತು.

ಡಾಕ್ಟರಮ್ಮನ ಬಲಗೈ ನಡುಗತೊಡಗಿತ್ತು. ಕಾಫಿ ಕಪ್ಪು ಎತ್ತಿದರೆ ತಟ್ಟೆಗೆ ತಾಗಿ ಟಕಟಕ ಸದ್ದಾಗುತ್ತಿತ್ತು. ನರದ ಡಾಕ್ಟರು ಪರೀಕ್ಷೆ ಮಾಡಿ, ಇದು ವಂಶದಲ್ಲಿ ಬರುವ ನಡುಕ, ಪ್ರಾಣಕ್ಕೇನೂ ತೊಂದರೆಯಿಲ್ಲ ಎಂದಿದ್ದರು. ಪ್ರಾಣದ ಚಿಂತೆ ಯಾರಿಗಿತ್ತು? ಡಾಕ್ಟರಮ್ಮನಿಗೆ ಇದ್ದದ್ದು ಕೈಯ ಚಿಂತೆ. ಒಂದು ದಿನ ಬೆಂಚಿನ ಮೇಲೆ ಕೂತಿದ್ದ ಹೆಂಗಸೊಬ್ಬಳು ಆ ಕಪ್ಪನ್ನು ನೋಡಿದಳು. ತನ್ನ ಸರದಿ ಬಂದಾಗ "ನಾನು ಆ ಡಾಕ್ಟ್ರ ಹತ್ರಾನೇ ತೋರಿಸ್ಕೋತೀನಿ" ಎಂದು ಸೀದಾ ಗೋಡೆ ಪಕ್ಕದ ಕುರ್ಚಿಗೆ ಹೋಗಿ ಕೂತಳು. ಅಂದಿನಿಂದ ಡಾಕ್ಟರಮ್ಮ ಕಷ್ಟದ ಹಲ್ಲುಗಳನ್ನೆಲ್ಲ "ನೀನೇ ನೋಡಪ್ಪ ಪುಟ್ಟ" ಎಂದು ಅತ್ತ ದಾಟಿಸತೊಡಗಿದರು. ಹಲ್ಲು ಕೀಳುವುದರಲ್ಲಿ ಊರಿಗೆಲ್ಲ ಹೆಸರಾಗಿದ್ದ ಆ ಕೈ ವರ್ಷದಿಂದ ಇಕ್ಕಳ ಮುಟ್ಟಿರಲಿಲ್ಲ.

ಹೀಗಿರುವಾಗ ನೋಂದಣಿ ನವೀಕರಣದ ಕಾಲ ಬಂತು. ಡಾಕ್ಟರಾಗಿ ಕೆಲಸ ಮಾಡುತ್ತಿರಬೇಕಾದರೆ ಆಗಾಗ ಹೊಸ ಪಾಠ ಕೇಳಿ ಬಂದದ್ದಕ್ಕೆ ಪ್ರಮಾಣಪತ್ರ ತೋರಿಸಬೇಕು. ಪ್ರತಿಸಲವೂ ಇಬ್ಬರೂ ಯಾವುದಾದರೊಂದು ಹೋಟೆಲಿನ ಕಿಟಕಿಯಿಲ್ಲದ ಹಾಲಿನಲ್ಲಿ ಕೂತು, ತೂಕಡಿಸಿ, ಆರಿದ ಕಾಫಿ ಕುಡಿದು ಅದನ್ನು ತರುತ್ತಿದ್ದರು. ಈ ಸಲ ಪುಟ್ಟ ಬೇರೆಯೇ ರಾಗ ತೆಗೆದ.

"ಅತ್ತಿಗೆ, ನವೀಕರಣ ಮಾಡಿಸ್ಲೇಬೇಕಾ? ಇಷ್ಟು ವರ್ಷ ದುಡಿದಿದ್ದೀರಿ. ಇನ್ನಾದ್ರೂ ಆರಾಮಾಗಿರಿ. ಆ ಕುರ್ಚಿಗೆ ಒಬ್ಬ ಹೊಸ ಡಾಕ್ಟ್ರನ್ನ ನೋಡಿಟ್ಟಿದ್ದೀನಿ."

"ನೋಡಿಟ್ಟೂ ಆಯ್ತಾ?"

"ಸುಮ್ನೆ ಮಾತಾಡಿಟ್ಟಿದ್ದೀನಿ ಅಷ್ಟೆ."

ಅವನ ದನಿಯಲ್ಲಿ ಕೊಂಕಿರಲಿಲ್ಲ, ಅಕ್ಕರೆಯಿತ್ತು. ಕೊಂಕಿದ್ದರೆ ಡಾಕ್ಟರಮ್ಮ ಅಲ್ಲೇ ಅವನ ಗ್ರಹಚಾರ ಬಿಡಿಸುತ್ತಿದ್ದರು. ಅಕ್ಕರೆಯನ್ನು ಬೈಯುವುದು ಹೇಗೆ? ಪುಟ್ಟನೇ ಮುಂದುವರಿಸಿ ಹಡಗಿನ ಸುದ್ದಿ ತೆಗೆದ. ಬೆಳಿಗ್ಗೆ ಪಾಠ, ಮಧ್ಯಾಹ್ನದಿಂದ ರಜೆ, ಕೊನೆಯಲ್ಲಿ ಒಂದು ಕೈಕೆಲಸದ ಪರೀಕ್ಷೆ. ಪಾಸಾದರೆ ಆಯಿತು, ಆಗದಿದ್ದರೆ ಎಲ್ಲರೂ ಸೇರಿ ಸಮುದ್ರ ನೋಡಿ ಬಂದ ಹಾಗಾಯಿತು ಎಂದ.

"ಆಗ್ಲಿ," ಎಂದರು ಡಾಕ್ಟರಮ್ಮ. "ಆ ಪರೀಕ್ಷೇಲಿ ನನ್ನ ಕೈ ತಪ್ಪಿದ್ರೆ ಕುರ್ಚಿ ನಿನ್ನ ಹೊಸ ಡಾಕ್ಟ್ರಿಗೆ. ತಪ್ಪದಿದ್ರೆ ಇನ್ನೊಂದು ಸಲ ಈ ಮಾತು ನನ್ನ ಮುಂದೆ ಎತ್ತಬಾರದು."

ಮಾತು ಆಡಿದ್ದೇನೋ ಜಂಬದಿಂದಲೇ. ಆಮೇಲೆ ಪೆಟ್ಟಿಗೆ ತುಂಬುವಾಗ ಒಂದೇ ಸೀರೆಯನ್ನು ಮತ್ತೆ ಮತ್ತೆ ಮಡಿಸುತ್ತ ಕೂತಿದ್ದನ್ನು ಮೇಷ್ಟ್ರು ಕಂಡರು.

ಹಡಗಿನಲ್ಲಿ ಪಾಠ ನಡೆಯುತ್ತಿದ್ದುದು ನಾಟಕಶಾಲೆಯಲ್ಲಿ. ಸಂಜೆ ಅಲ್ಲಿ ಜಾದೂಗಾರ ಟೋಪಿಯಿಂದ ಪಾರಿವಾಳ ತೆಗೆಯುತ್ತಿದ್ದ. ಬೆಳಿಗ್ಗೆ ಅದೇ ವೇದಿಕೆಯಲ್ಲಿ ಪ್ರೊಫೆಸರರು ಮನೆಯಷ್ಟು ದೊಡ್ಡ ಪರದೆಯ ಮೇಲೆ ಕೀವು ತುಂಬಿದ ವಸಡು ತೋರಿಸುತ್ತಿದ್ದರು. ಕೇಳುವವರಲ್ಲಿ ಅರ್ಧದಷ್ಟು ಮಂದಿ ಅಂಗಿಯ ಒಳಗೆ ಈಜುಡುಗೆ ಹಾಕಿಕೊಂಡೇ ಬಂದಿರುತ್ತಿದ್ದರು. ಪಾಠ ಮುಗಿದದ್ದೇ ತಡ, ಶಾಲೆ ಬಿಟ್ಟ ಮಕ್ಕಳ ಹಾಗೆ ಮೆಟ್ಟಿಲ ಕಡೆ ದೌಡು. ಡಾಕ್ಟರಮ್ಮ ಮಾತ್ರ ಮುಂದಿನ ಸಾಲಿನಲ್ಲಿ ಕೂತು, ಕಣ್ಣು ಮಿಟುಕಿಸದೆ, ಪ್ರೊಫೆಸರರ ಬಾಯಿಂದ ಬಿದ್ದದ್ದನ್ನೆಲ್ಲ ಹೆಕ್ಕಿಕೊಳ್ಳುತ್ತಿದ್ದರು. ಮೇಷ್ಟ್ರು ಹೊಸ ಹುಲ್ಲುಟೋಪಿ ಹಾಕಿಕೊಂಡು ಮೇಲಿನ ಅಟ್ಟದ, ಅಂದರೆ ಡೆಕ್ಕಿನ, ಕಟಕಟೆಗೆ ಒರಗಿ ನಿಂತು, ಸಿಕ್ಕಿದವರಿಗೆಲ್ಲ ಗಾಳಿ ಯಾಕೆ ಯಾವ ದಿಕ್ಕಿಗೆ ಬೀಸುತ್ತದೆ ಎಂದು ವಿವರಿಸುತ್ತಿದ್ದರು. ಓರಗಿತ್ತಿ ಈಜುಕೊಳದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತವಳು ಅಲ್ಲಿಂದ ಏಳುತ್ತಲೇ ಇರಲಿಲ್ಲ.

ಪರೀಕ್ಷೆಗೆ ಮೊದಲು ಅಭ್ಯಾಸಕ್ಕೆಂದು ಒಂದು ಬೆಳಿಗ್ಗೆ ಇತ್ತು. ಉದ್ದನೆಯ ಮೇಜುಗಳ ಅಂಚಿಗೆ ಪ್ಲಾಸ್ಟಿಕ್ ದವಡೆಗಳನ್ನು ತಿರುಪು ಹಾಕಿ ಬಿಗಿದಿದ್ದರು. ಗದ್ದವಿಲ್ಲ, ಕೆನ್ನೆಯಿಲ್ಲ, ಬರೀ ದವಡೆ. ಕೆಲಸವನ್ನು ಪರದೆಗೆ ತೋರಿಸುವ ಕ್ಯಾಮೆರಾಕ್ಕೆ ಚೆನ್ನಾಗಿ ಕಾಣಲೆಂದು ಕೊರೆಯಬೇಕಾದ ಹಲ್ಲಿನ ಮುಂದಿನ ಹಲ್ಲುಗಳನ್ನೂ ಬಿಚ್ಚಿ ತೆಗೆದಿದ್ದರು. ಡಾಕ್ಟರಮ್ಮ ಡ್ರಿಲ್ ಹಿಡಿದು ಬಗ್ಗಿದರು. ಇಷ್ಟು ವರ್ಷದ ರೂಢಿಯಂತೆ ಉಂಗುರ ಬೆರಳು ತಾನಾಗಿ ಕೆಳಗಿಳಿದು, ಊರಿಕೊಳ್ಳಲು ಪಕ್ಕದ ಹಲ್ಲನ್ನು ಹುಡುಕಿತು. ಅಲ್ಲಿ ಏನೂ ಇರಲಿಲ್ಲ. ಕೈ ಗಾಳಿಯಲ್ಲಿ ನಿಂತಿತು, ನಡುಗಿತು. ಹಡಗು ಮೆಲ್ಲನೆ ಒಂದು ಮಗ್ಗುಲಿಗೆ ವಾಲಿತು. ಕಿರ್ರೆಂದ ಡ್ರಿಲ್ಲು ಜಾರಿ ಹಿಂದಿನ ಒಳ್ಳೆಯ ಹಲ್ಲಿನ ಮೇಲೆ ಉದ್ದನೆ ಗೀರಿತು.

ಹುಳುಕು ಹಲ್ಲು ಕೊರೆಯಲು ಹೋಗಿ ಪಕ್ಕದ ಒಳ್ಳೆಯ ಹಲ್ಲು ಕೆಡಿಸುವುದೆಂದರೆ ಆ ಕಸುಬಿನಲ್ಲಿ ಮುಖ ಎತ್ತಿ ನಡೆಯಲಾಗದಂಥ ಅವಮಾನ. ಪಕ್ಕದ ಮೇಜಿನಲ್ಲಿದ್ದ ಪುಟ್ಟ ನೋಡಿದ; ನೋಡಿಯೂ ನೋಡದವನಂತೆ ಮುಖ ತಿರುಗಿಸಿದ. ಆ ಮುಖ ತಿರುಗಿಸಿದ್ದೇ ಡಾಕ್ಟರಮ್ಮನಿಗೆ ಚುಚ್ಚಿತು.

ಅವರು ಡ್ರಿಲ್ ಕೆಳಗಿಟ್ಟು ಮೇಲೆ ಅಟ್ಟಕ್ಕೆ ಹೋದರು. ಮೇಷ್ಟ್ರು ಎಂದಿನಂತೆ ಕಟಕಟೆಯ ಹತ್ತಿರವೇ ಇದ್ದರು.

"ರೀ, ಸಾಕು. ನಾನು ಪರೀಕ್ಷೆಗೆ ಕೂರೋಲ್ಲ. ಊರಿಗೆ ಹೋದ್ಮೇಲೆ ಕುರ್ಚಿ ಬಿಟ್ಟುಕೊಡ್ತೀನಿ."

ಮೇಷ್ಟ್ರು ಟೋಪಿ ತೆಗೆದು ಕೈಯಲ್ಲಿ ಹಿಡಿದರು. "ಬಿಡೋದಾದ್ರೆ ಬಿಡು. ಆದ್ರೆ ಬಿಟ್ಟಿದ್ದು ಯಾರು ಅಂತ ನಿನಗೆ ಗೊತ್ತಿರ್ಲಿ. ನೀನು ಬಿಟ್ಯೋ, ಆ ಪ್ಲಾಸ್ಟಿಕ್ ದವಡೆ ಬಿಡಿಸ್ತೋ?"

"ನಿಮಗೇನು ಗೊತ್ತು ಅದರ ಸಂಕಟ."

"ನನಗೇನೂ ಗೊತ್ತಿಲ್ಲ ಮಾರಾಯ್ತಿ. ನಾಳೆ ಗಾಳಿ ಜೋರಾಗುತ್ತೆ, ಅಷ್ಟು ಮಾತ್ರ ಗೊತ್ತು."

ಡಾಕ್ಟರಮ್ಮನಿಗೆ ಅಳು ಬಂತು. ಅಳುವುದನ್ನು ಯಾರೂ ನೋಡಬಾರದೆಂದು ಸಮುದ್ರದ ಕಡೆ ತಿರುಗಿ ನಿಂತರು. ಕೈ ಕೆಟ್ಟರೆ ತಾನು ಯಾರು? ಯಾರ ಮನೆಯ ಸೊಸೆ, ಯಾರ ಹೆಂಡತಿ, ಯಾರ ಅತ್ತಿಗೆ ಎಂಬುದೆಲ್ಲ ಸರಿಯೇ. ಆದರೆ ಬೆಳಿಗ್ಗೆ ಎದ್ದು ಆ ಕಿಟಕಿಯ ಬೆಳಕಿನಲ್ಲಿ ಒಂದು ಬಾಯಿಯೊಳಗೆ ಇಣುಕಿ ನೋಡುವಾಗ ಇರುತ್ತಿದ್ದಷ್ಟು ಗಟ್ಟಿಯಾಗಿ ಅವರು ಬೇರೆಲ್ಲೂ ಇರುತ್ತಿರಲಿಲ್ಲ.

ಮೇಷ್ಟ್ರ ಭೂಗೋಳ ಸುಳ್ಳಾಗಲಿಲ್ಲ. ಮರುದಿನ ಗಾಳಿ ಎದ್ದಿತು. ಹಡಗು ತೊಟ್ಟಿಲಾಯಿತು, ಆಮೇಲೆ ಉಯ್ಯಾಲೆಯಾಯಿತು. ಈಜುಕೊಳದ ನೀರು ತುಳುಕಿ ಅಟ್ಟದ ಮೇಲೆಲ್ಲ ಹರಿಯಿತು. ಪಾಠ ರದ್ದಾಯಿತು. ದಂತವೈದ್ಯ ಲೋಕದ ಘಟಾನುಘಟಿಗಳೆಲ್ಲ ತಮ್ಮ ತಮ್ಮ ಕೋಣೆಯಲ್ಲಿ ಬಕೆಟ್ಟು ತಬ್ಬಿಕೊಂಡು ಮಲಗಿದರು. ಡಾಕ್ಟರಮ್ಮನಿಗೆ ಮಾತ್ರ ಏನೂ ಆಗಿರಲಿಲ್ಲ. ಹೊಟ್ಟೆಗಿಂತ ಮನಸ್ಸೇ ಹೆಚ್ಚು ಕೆಟ್ಟಿತ್ತಲ್ಲ.

ಮಧ್ಯಾಹ್ನದ ಹೊತ್ತಿಗೆ ಓರಗಿತ್ತಿ ಗೋಡೆ ಹಿಡಿದುಕೊಂಡು ಅವರ ಕೋಣೆಗೆ ಬಂದಳು.

"ಅಕ್ಕ, ಸ್ವಲ್ಪ ಬನ್ನಿ. ಇವರ ಮುಖ ನೋಡಿ. ಹಡಗು ಹತ್ತಿದಾಗಿಂದ ನೋವಿನ ಮಾತ್ರೆ ನುಂಗ್ತಾ ಇದ್ರಂತೆ. ನನಗೂ ಹೇಳಿಲ್ಲ ಈ ಪುಣ್ಯಾತ್ಮ."

ಪುಟ್ಟನನ್ನು ಆಗಲೇ ಮೇಷ್ಟ್ರು ಹಡಗಿನ ಡಾಕ್ಟರ ಕೋಣೆಗೆ ಕರೆದೊಯ್ದಿದ್ದರು. ಎಡಗೆನ್ನೆ ಊದಿ ಕಣ್ಣು ಸಣ್ಣಗಾಗಿತ್ತು. ಊತ ದವಡೆಯ ಕೆಳಗೆ ಕುತ್ತಿಗೆಯ ಕಡೆಗೆ ಇಳಿಯುತ್ತಿತ್ತು. ಬಾಯಿ ತೆರೆ ಎಂದರೆ ಎರಡು ಬೆರಳು ಹಿಡಿಸುವಷ್ಟು ಮಾತ್ರ ತೆರೆಯುತ್ತಿತ್ತು. ಊತ ಗಂಟಲು ಮುಟ್ಟಿದರೆ ಉಸಿರಿಗೇ ಕುತ್ತು. ಅದು ಆ ಕೋಣೆಯಲ್ಲಿ ಪುಟ್ಟನಿಗೂ ಗೊತ್ತಿತ್ತು, ಡಾಕ್ಟರಮ್ಮನಿಗೂ ಗೊತ್ತಿತ್ತು.

ಹಡಗಿನ ಡಾಕ್ಟರು ಸಮಾಧಾನದ ಮನುಷ್ಯ, ಅಲೆಗೆ ಪಳಗಿದವರು. "ಔಷಧಿ ಚುಚ್ಚಿದ್ದೀನಿ. ಅದೊಂದರಿಂದ ಆಗಲ್ಲ. ಈ ಗಾಳಿಗೆ ಹೆಲಿಕಾಪ್ಟರ್ ಬರಲ್ಲ, ಬಂದರು ಹತ್ತಿರದಲ್ಲಿಲ್ಲ. ಹಲ್ಲು ತೆಗೆದು ಕೀವು ಹೊರಗೆ ಬಿಡ್ಬೇಕು. ತಡ ಮಾಡಿದ್ರೆ ಬಾಯೇ ತೆರೆಯಲ್ಲ. ಸಾಮಾನಿನ ಪೆಟ್ಟಿಗೆ ಇದೆ, ಮರಗಟ್ಟಿಸೋ ಸೂಜಿ ಇದೆ. ಆದ್ರೆ ಹಲ್ಲು ಕೀಳೋದು ನನಗೆ ಬರಲ್ಲ. ಹಡಗಿನ ತುಂಬ ನೀವೇ ಇದ್ದೀರಲ್ಲ, ಯಾರಾದ್ರೂ ಒಬ್ಬರು ಬನ್ನಿ."

ಧ್ವನಿವರ್ಧಕದಲ್ಲಿ ಕೂಗಿಸಿದರು. ಅಷ್ಟು ಮಂದಿ ಹಲ್ಲಿನ ಡಾಕ್ಟರಿರುವ ಹಡಗಿನಲ್ಲಿ ಒಂದು ಹಲ್ಲು ಕೀಳಲು ಜನ ಹುಡುಕಿದ ಚೆಂದವನ್ನು ನೋಡಿಯೇ ಅನುಭವಿಸಬೇಕು. ದವಡೆಯ ಶಸ್ತ್ರಚಿಕಿತ್ಸೆಯಲ್ಲಿ ಪಳಗಿದ್ದ ಒಬ್ಬರೇ ಒಬ್ಬರು ತಲೆ ಎತ್ತಲಾರದೆ ಕೋಣೆಯಿಂದಲೇ ಕೈ ಮುಗಿದು ಕಳಿಸಿದರು. ಬಂದವರಲ್ಲಿ ಒಬ್ಬರು ಓರೆ ಹಲ್ಲು ನೆಟ್ಟಗೆ ಮಾಡುವವರು, ಇನ್ನೊಬ್ಬರು ಬರೀ ಬೇರಿಗೆ ಮದ್ದು ತುಂಬುವವರು, ಮತ್ತೊಬ್ಬರು ವಸಡಿನವರು. ಕೀಳುವುದನ್ನು ಮೂವರೂ ಕಾಲೇಜಿನಲ್ಲೇ ಬಿಟ್ಟು ಬಂದಿದ್ದರು. ಕಡೆಗೆ ಪ್ರೊಫೆಸರರೇ ಬಂದರು. ಪಾಪ, ಒಳ್ಳೆಯ ಮನುಷ್ಯ. ಧೈರ್ಯವಾಗಿ ಭೂತಗನ್ನಡಿಯ ಕನ್ನಡಕ ಏರಿಸಿ ಪುಟ್ಟನ ಬಾಯಿಗೆ ಬಗ್ಗಿದರು. ಅಷ್ಟರಲ್ಲಿ ಹಡಗು ಒಂದು ಸಲ ಎದ್ದು ಬಿತ್ತು. ಭೂತಗನ್ನಡಿಯಲ್ಲಿ ಆ ಏಳು ಬೀಳು ಎಷ್ಟು ದೊಡ್ಡದಾಗಿ ಕಂಡಿತೋ, ಅವರು ಕನ್ನಡಕ ಕಳಚಿ, ಮುಖ ಬೆಳ್ಳಗೆ ಮಾಡಿಕೊಂಡು, ನೆಲದ ಮೇಲೆ ಕೂತುಬಿಟ್ಟರು.

ಆಗ ಪುಟ್ಟ ಬಿಗಿದ ಬಾಯಿಯಿಂದಲೇ ಹೇಳಿದ: "ಅತ್ತಿಗೇನೇ ತೆಗೀಲಿ."

ಎಲ್ಲರೂ ಬಾಗಿಲ ಹತ್ತಿರ ನಿಂತಿದ್ದ ಡಾಕ್ಟರಮ್ಮನ ಕಡೆ ತಿರುಗಿದರು. ಅವರು ತಲೆಯಾಡಿಸಿದರು.

"ಬೇಡ ಪುಟ್ಟ. ನನ್ನ ಕೈ ನಡುಗುತ್ತೆ."

ಮನೆಯಲ್ಲಿ, ಕ್ಲಿನಿಕ್ಕಿನಲ್ಲಿ, ಯಾರೊಬ್ಬರ ಮುಂದೆಯೂ ಅವರು ಆ ಮಾತನ್ನು ಬಾಯಿಬಿಟ್ಟು ಹೇಳಿರಲಿಲ್ಲ. ಈಗ ಹೇಳಿದ್ದು ಇಷ್ಟು ಜನರ ಎದುರಿಗೆ, ಅದೂ ಪರದೆಯ ಮೇಲೆ ಪಾಠ ಹೇಳಿದ ಪ್ರೊಫೆಸರರು ಕೇಳುವಂತೆ.

"ಗೊತ್ತು," ಎಂದ ಪುಟ್ಟ. "ಆದ್ರೂ ನನ್ನ ಬಾಯಿಗೆ ಬೇರೆ ಯಾರೂ ಕೈ ಹಾಕಬಾರದು. ಅಷ್ಟೇ."

ಅವನು ಕೈ ಚಾಚಿ ಅವರ ಬಲಗೈ ಹಿಡಿದು ಎಳೆದು ತನ್ನ ಗದ್ದದ ಮೇಲೆ ಇಟ್ಟುಕೊಂಡ. ಬರುವ ದಾರಿಯುದ್ದಕ್ಕೂ ನಡುಗುತ್ತ ಬಂದ ಕೈ ಗದ್ದ ಮುಟ್ಟಿದ್ದೇ ನಿಂತಿತು. ಉಂಗುರ ಬೆರಳು ಅವನ ಹಲ್ಲಿನ ಮೇಲೆ ಊರಿಕೊಂಡಿತು. ಹಡಗು ಎಡಕ್ಕೆ ವಾಲಿತು. ಪುಟ್ಟನ ತಲೆ ವಾಲಿತು. ತಲೆಯ ಜೊತೆಗೆ ಕೈಯೂ ವಾಲಿತು. ಹಡಗು ಬಲಕ್ಕೆ ಬಂತು. ತಲೆಯೂ ಬಂತು, ಕೈಯೂ ಬಂತು. ದವಡೆಗೂ ಬೆರಳಿಗೂ ನಡುವೆ ಎಳ್ಳಷ್ಟೂ ಅಂತರ ಬೀಳಲಿಲ್ಲ. ಡಾಕ್ಟರಮ್ಮ ಇನ್ನೊಂದು ಅಲೆ ಬರುವವರೆಗೆ ಕಾದು ನೋಡಿದರು. ಅದು ಬಂತು, ಹೋಯಿತು. ಕೈ ಕದಲಲಿಲ್ಲ.

ಅಯ್ಯೋ, ಇಷ್ಟೇನೇ, ಎಂದುಕೊಂಡರು ಅವರು. ಕಾಫಿ ಕಪ್ಪು ಹಿಡಿಯುವ ಕೈ ಗಾಳಿಯಲ್ಲಿರುತ್ತದೆ, ಹಲ್ಲು ಹಿಡಿಯುವ ಕೈ ಹಲ್ಲಿನ ಮೇಲಿರುತ್ತದೆ. ಕಪ್ಪು ನೋಡಿ ಹೆದರಿ ತಾನು ಇಷ್ಟು ದಿನ ಹಲ್ಲು ಬಿಟ್ಟುಕೊಟ್ಟು ಕೂತೆನಲ್ಲ ಎಂದು ತಮ್ಮ ಮೇಲೆಯೇ ಸಿಟ್ಟು ಬಂತು. ಆ ಸಿಟ್ಟು ಬಂದದ್ದೇ ಒಳ್ಳೆಯದಾಯಿತು.

"ರೀ, ಅವನ ಹಿಂದೆ ನಿಂತು ತಲೆ ನಿಮ್ಮ ಹೊಟ್ಟೆಗೆ ಒತ್ತಿ ಹಿಡ್ಕೊಳ್ಳಿ. ನೀನು ಟಾರ್ಚ್ ಹಿಡಿಯೇ, ಕೈ ಅಲ್ಲಾಡಿದ್ರೂ ಪರವಾಗಿಲ್ಲ, ಕಣ್ಣು ಮುಚ್ಚಬೇಡ. ಡಾಕ್ಟ್ರೇ, ನೀವು ರಕ್ತ ಹೀರೋ ಕೊಳವೆ ನೋಡ್ಕೊಳ್ಳಿ."

ಎಲ್ಲರೂ ತೆಪ್ಪಗೆ ಹೇಳಿದ್ದನ್ನು ಮಾಡಿದರು. ಡಾಕ್ಟರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೈಗವಸು ಹಾಕಿ, ಕಾಲಗಲಿಸಿ ನಿಂತು ಬಾಯೊಳಗೆ ನೋಡಿದರು.

"ಇದನ್ನ ತುಂಬಿದ್ದು ಯಾರು?"

ಹಿಂದಿನಿಂದ ಎರಡನೆಯ ಹಲ್ಲು. ಅದರ ತಲೆಯ ಮೇಲೆ ತಾತ್ಕಾಲಿಕವಾಗಿ ಹಚ್ಚುವ ಬಿಳಿಯ ಸಿಮೆಂಟು, ಅದರ ಮೇಲೆ ಇನ್ನೊಂದು ಪದರ, ಅದರ ಮೇಲೆ ಮತ್ತೊಂದು. ಗೋಡೆಗೆ ತೇಪೆ ಹಚ್ಚಿದ ಹಾಗೆ ಹಚ್ಚಿದ್ದರು. ಯಾವ ಡಾಕ್ಟರೂ ರೋಗಿಗೆ ಹೀಗೆ ಮಾಡುವುದಿಲ್ಲ. ಪುಟ್ಟ ಮೆಲ್ಲನೆ ತೋರುಬೆರಳು ತಿರುಗಿಸಿ ತನ್ನ ಎದೆಯನ್ನೇ ತೋರಿಸಿದ.

"ನೀನೇನಾ? ನಿನ್ನ ಹಲ್ಲಿಗೆ ನೀನೇ? ಕನ್ನಡಿ ನೋಡ್ಕೊಂಡು?"

ಅವನು ಹೂಂ ಎಂದ.

"ಪಕ್ಕದ ಕುರ್ಚೀಲೇ ನಾನಿದ್ದೆನಲ್ಲೋ."

ಅವನು ಕಣ್ಣು ಮುಚ್ಚಿಕೊಂಡ. ಸಾವಿರಾರು ಬಾಯಿ ತೆರೆಸಿದ ಆ ಮನುಷ್ಯನಿಗೆ ತಾನು ಬಾಯಿ ತೆರೆಯುವುದೆಂದರೆ ಕೈಕಾಲು ತಣ್ಣಗಾಗುತ್ತಿತ್ತು. ಕ್ಲಿನಿಕ್ ಬಾಗಿಲು ಹಾಕಿದ ಮೇಲೆ ಕೈಕನ್ನಡಿ ಹಿಡಿದು ತಾನೇ ತೇಪೆ ಹಚ್ಚಿಕೊಂಡು ವರ್ಷಗಟ್ಟಲೆ ದೂಡಿದ್ದ. ಅದರೊಳಗೆ ಹಲ್ಲು ತೆಪ್ಪಗೆ ಕೊಳೆಯುತ್ತಿತ್ತು. ಹಲ್ಲಿನ ಡಾಕ್ಟರನಲ್ಲದೆ ಬೇರೆ ಯಾರಿಂದಲೂ ಇಂಥ ದಡ್ಡತನ ಸಾಧ್ಯವಿಲ್ಲ.

"ಆಮೇಲೆ ವಿಚಾರಿಸ್ಕೋತೀನಿ ನಿನ್ನ," ಎಂದರು ಡಾಕ್ಟರಮ್ಮ. ಎಡಗೈ ಹೆಬ್ಬೆರಳನ್ನು ದವಡೆಯ ಹಿಂಬದಿಯ ಮೂಳೆಯ ಅಂಚಿಗೆ ಊರಿ, ಸಿಕ್ಕಿದ ಅಷ್ಟೇ ಜಾಗದಲ್ಲಿ ಸೂಜಿ ಒಳಗೆ ಬಿಟ್ಟರು. ಹಡಗು ಎದ್ದು ಇಳಿಯಿತು. ಸೂಜಿ ದವಡೆಯ ಜೊತೆಗೇ ಎದ್ದು ಇಳಿಯಿತು. ಔಷಧಿ ಬಿಟ್ಟು ಹೊರಗೆ ತೆಗೆದಾಗ ಪುಟ್ಟ ಕಣ್ಣು ಬಿಟ್ಟು, ಆಯಿತೇ ಎನ್ನುವಂತೆ ನೋಡಿದ. ಕೆಳದುಟಿ ಅರ್ಧಕ್ಕೆ ದಪ್ಪಗಾಗಿ, ಜೋಮು ಹಿಡಿದು, ಮುಟ್ಟಿದರೆ ತಿಳಿಯದಂತಾಗುವವರೆಗೆ ಕಾದರು. ಅನುಮಾನ ಬೇಡವೆಂದು ಇನ್ನೊಂದು ಸೂಜಿ ಕೊಟ್ಟು ಮತ್ತೆ ಕಾದರು. ಈ ಕಾಯುವುದರಲ್ಲಿ ಅವರಿಗೆ ಯಾವತ್ತೂ ಅವಸರವಿರಲಿಲ್ಲ.

ಆಮೇಲೆ ಮೀಟುವ ಸಲಾಕೆಯನ್ನು ಹಲ್ಲಿಗೂ ಮೂಳೆಗೂ ನಡುವೆ ಇಳಿಸಿದರು. ಎಡಗೈಯಲ್ಲಿ ಇಡೀ ದವಡೆಯನ್ನು ಬೊಗಸೆಯಂತೆ ಹಿಡಿದಿದ್ದರು. ಮೆಲ್ಲಗೆ ಒಂದಿಷ್ಟು ತಿರುಗಿಸಿದಾಗ ಬೇರಿನ ಸುತ್ತ ಹಳದಿ ಕೀವು ಉಕ್ಕಿ ಬಂತು. ಹಡಗಿನ ಡಾಕ್ಟರು ಕೊಳವೆ ಹಿಡಿದರು. ಇಕ್ಕಳ ಹಾಕಿ ಹೊರಕ್ಕೆ ಬಾಗಿಸಿದರು, ಒಳಕ್ಕೆ ಬಾಗಿಸಿದರು, ಮತ್ತೆ ಹೊರಕ್ಕೆ. ತೇಪೆಯ ಹಲ್ಲು ತಡೆಯಲಿಲ್ಲ. ಪುಡಿಯಾಗಿ, ಒಂದು ಬೇರಿನ ಜೊತೆ ಅರ್ಧ ಮಾತ್ರ ಕೈಗೆ ಬಂತು. ಇನ್ನೊಂದು ಬೇರು ಒಳಗೇ ಉಳಿಯಿತು.

ನೆಲದ ಮೇಲಿದ್ದ ಪ್ರೊಫೆಸರರು "ಅಯ್ಯೋ" ಎಂದರು.

ಅದೇ ಹೊತ್ತಿಗೆ ಎಲ್ಲಕ್ಕಿಂತ ದೊಡ್ಡ ಅಲೆ ಬಂತು. ಗೋಡೆಯ ಕಪಾಟಿನ ಬಾಗಿಲು ತೆರೆದು ಹತ್ತಿಯ ಸುರುಳಿಗಳು ಉರುಳಿದವು. ಓರಗಿತ್ತಿ ಒಂದು ಕೈಯಲ್ಲಿ ಟಾರ್ಚು, ಇನ್ನೊಂದು ಕೈಯಲ್ಲಿ ಮೇಷ್ಟ್ರ ಅಂಗಿ ಹಿಡಿದು ನಿಂತಳು. ಮೇಷ್ಟ್ರು ತಮ್ಮನ ತಲೆಯನ್ನು ಬಿಡಲಿಲ್ಲ. ಡಾಕ್ಟರಮ್ಮ ಅಲೆಯ ಜೊತೆ ಹೋಗಿ ಅಲೆಯ ಜೊತೆಗೇ ಬಂದರು, ಬೇರಿನ ಮೇಲಿಟ್ಟ ಕಣ್ಣು ತೆಗೆಯಲಿಲ್ಲ. ಸಣ್ಣ ಸಲಾಕೆ ತೆಗೆದುಕೊಂಡು, ಖಾಲಿಯಾದ ಗುಂಡಿಯ ಕಡೆಯಿಂದ ಮೊನೆ ಊರಿ, ಉಂಗುರ ಬೆರಳು ಪಕ್ಕದ ಹಲ್ಲಿನ ಮೇಲೆ ಗಟ್ಟಿಯಾಗಿ ನಿಲ್ಲಿಸಿ, ಹಗುರಾಗಿ ತಿರುಗಿಸಿದರು. ಬೇರು ಬೆಣ್ಣೆಯಿಂದ ಕೂದಲು ತೆಗೆದಂತೆ ಮೇಲೆ ಬಂತು.

"ಬಂತಾ?" ಎಂದು ಮೇಷ್ಟ್ರು ಕೇಳಿದರು. ತಲೆ ಹಿಡಿದಿದ್ದ ಅವರು ಅಷ್ಟು ಹೊತ್ತೂ ಛಾವಣಿ ನೋಡುತ್ತಿದ್ದರು.

"ಬಂತು."

ಗುಂಡಿ ತೊಳೆದು, ವಸಡಿಗೆ ಹೊಲಿಗೆ ಹಾಕಿ, ಮಡಿಸಿದ ಬಟ್ಟೆ ಕಚ್ಚಿಸಿದರು. ಆಮೇಲೆ ಆ ಬೇರನ್ನು ಚಿಮಟದಲ್ಲಿ ಹಿಡಿದು ಬೆಳಕಿಗೆ ಎತ್ತಿದರು. ಗಾಳಿಯಲ್ಲಿ ಎತ್ತಿದ್ದೇ ತಡ, ಕೈ ಗಡಗಡ ನಡುಗಿತು. ಚಿಮಟ ನಡುಗಿತು, ಅದರ ತುದಿಯಲ್ಲಿ ಬೇರೂ ನಡುಗಿತು. ಎಲ್ಲರೂ ನೋಡುತ್ತಿದ್ದರು. ಡಾಕ್ಟರಮ್ಮ ಗಟ್ಟಿಯಾಗಿ ನಕ್ಕುಬಿಟ್ಟರು. ವರ್ಷದಿಂದ ಬಚ್ಚಿಟ್ಟುಕೊಂಡು ಬಂದ ನಡುಕವನ್ನು ಅಷ್ಟು ಜನರ ನಡುವೆ ಮೇಲೆತ್ತಿ ಹಿಡಿದು ನಗುತ್ತ ನಿಂತರು.

ಪ್ರೊಫೆಸರರು ನೆಲದಿಂದ ಎದ್ದು, ಮಂಚದ ಕಂಬಿ ಹಿಡಿದುಕೊಂಡು, "ಅಮ್ಮ, ನಾನು ಈ ಕೆಲಸ ಅಲ್ಲಾಡದ ನೆಲದ ಮೇಲೂ ಇಷ್ಟು ಚೆನ್ನಾಗಿ ಮಾಡ್ತಿರಲಿಲ್ಲ" ಎಂದರು. ಡಾಕ್ಟರಮ್ಮ ಅದನ್ನು ಬೇಡವೆನ್ನಲಿಲ್ಲ. ಹೊಗಳಿಕೆಯನ್ನು ತಳ್ಳಿಹಾಕಿ ದೊಡ್ಡವರಾಗುವ ಚಾಳಿ ಅವರಿಗಿರಲಿಲ್ಲ.

ಮರುದಿನ ಬೆಳಿಗ್ಗೆಗೆ ಪುಟ್ಟನ ಊತ ಇಳಿಮುಖವಾಗಿತ್ತು, ಗಾಳಿಯೂ ಇಳಿದಿತ್ತು. ಕೊನೆಯ ದಿನ ಪರೀಕ್ಷೆ ನಡೆಯಿತು. ಡಾಕ್ಟರಮ್ಮ ಮೇಜಿನ ಮುಂದೆ ನಿಂತು, "ಬಿಚ್ಚಿಟ್ಟ ಹಲ್ಲುಗಳನ್ನ ಹಾಕಿಕೊಡಿ. ಅಕ್ಕಪಕ್ಕ ಹಲ್ಲಿಲ್ಲದ ಬಾಯಿ ನನ್ನ ಬೆಂಚಿಗೆ ಬಂದ್ರೆ ಆಗ ನೋಡ್ಕೋತೀನಿ" ಎಂದರು. ಪ್ರೊಫೆಸರರು ತಾವೇ ತಿರುಪುಳಿ ಹಿಡಿದು ಒಂದೊಂದನ್ನೂ ಬಿಗಿದುಕೊಟ್ಟರು. ಬೆರಳು ಊರಿಕೊಂಡಿತು, ಡ್ರಿಲ್ಲು ಹಾಡಿತು. ಕೊರೆದದ್ದನ್ನು ಪರದೆಯ ಮೇಲೆ ದೊಡ್ಡದಾಗಿ ತೋರಿಸಿದಾಗ ಅಂಚುಗಳು ಅಚ್ಚಿಗೆ ಹಾಕಿ ತೆಗೆದಷ್ಟು ನೇರವಾಗಿದ್ದವು. ಹಿಂದಿನ ಸಾಲಿನಿಂದ ಯಾರೋ ಚಪ್ಪಾಳೆ ಶುರುಮಾಡಿದರು, ಅದು ಮುಂದಿನ ಸಾಲಿನವರೆಗೂ ಬಂತು.

ಅಂದು ಸಂಜೆ ಕೊನೆಯ ಊಟ. ಪುಟ್ಟನ ಮುಂದೆ ತಣ್ಣನೆಯ ಸೂಪು. ಬೇರೇನನ್ನೂ ಅಗಿಯುವ ಹಾಗಿರಲಿಲ್ಲ. ಊಟ ಮುಗಿಯುತ್ತಿದ್ದಂತೆ ದೀಪ ಸಣ್ಣಗೆ ಮಾಡಿ, ಸಿಬ್ಬಂದಿ ಸಾಲಾಗಿ ಕೈ ತಟ್ಟುತ್ತ ಒಂದು ದೊಡ್ಡ ಕೇಕು ತಂದು ಇವರ ಮೇಜಿನ ಮೇಲಿಟ್ಟರು. ಕೇಕಿನ ಮೇಲೆ ಬಿಳಿಯ ಕೆನೆಯಲ್ಲಿ ಬರೆದಿತ್ತು: ಅತ್ತಿಗೆಗೆ ನಿವೃತ್ತಿಯ ಶುಭಾಶಯ.

ಓರಗಿತ್ತಿ ಸೆರಗು ಬಾಯಿಗೆ ಒತ್ತಿಕೊಂಡಳು. ಹಡಗು ಹತ್ತುವ ಮೊದಲೇ ಪುಟ್ಟ ಗುಟ್ಟಾಗಿ ಹೇಳಿಟ್ಟಿದ್ದ ಕೇಕು ಅದು. ಹಲ್ಲುನೋವಿನ ಗಡಿಬಿಡಿಯಲ್ಲಿ ಬೇಡವೆಂದು ಹೇಳುವುದನ್ನು ಗಂಡಹೆಂಡತಿ ಇಬ್ಬರೂ ಮರೆತಿದ್ದರು. ಪುಟ್ಟನ ಮುಖದಲ್ಲಿ ಊದದೆ ಉಳಿದಿದ್ದ ಭಾಗವೂ ಕೆಂಪಾಯಿತು. ಮೇಷ್ಟ್ರು ಹೆಂಡತಿಯ ಮುಖ ನೋಡಿದರು. ಸುತ್ತಲಿನ ಮೇಜುಗಳವರು ಕತ್ತು ಚಾಚಿ ಕೇಕು ಓದಿದರು.

ಪುಟ್ಟ ಎದ್ದು ನಿಂತ. ಮಾತಾಡಲು ಬಾಯಿ ಪೂರ್ತಿ ತೆರೆಯುತ್ತಿರಲಿಲ್ಲ. ಸೂಪಿನ ಚಮಚ ತೆಗೆದುಕೊಂಡು, ಮೇಜಿನ ಮೇಲೆ ಬಗ್ಗಿ, ಕೆನೆಯಲ್ಲಿ ಬರೆದ 'ನಿವೃತ್ತಿಯ' ಎಂಬುದನ್ನು ಒಂದಕ್ಷರವೂ ಉಳಿಯದಂತೆ ಕೆರೆದು ತೆಗೆದ. ತೆಗೆದದ್ದನ್ನು ಎಲ್ಲಿಡಬೇಕೆಂದು ತಿಳಿಯದೆ ತಾನೇ ನುಂಗಿದ.

"ತಪ್ಪಾಯ್ತು ಅತ್ತಿಗೆ," ಎಂದ. "ಆ ಹೊಸ ಡಾಕ್ಟ್ರಿಗೆ ಬೇರೆ ಕಡೆ ನೋಡ್ಕೊಳ್ಳೋಕೆ ಹೇಳ್ತೀನಿ."

"ಯಾಕೆ? ಬರ್ಲಿ," ಎಂದರು ಡಾಕ್ಟರಮ್ಮ. "ಮೂರನೇ ಕುರ್ಚಿ ಹಾಕೋಣ. ನಿನ್ನ ಬಾಯಿ ನೋಡಿದ್ಮೇಲೆ ನನಗೊಂದು ಗೊತ್ತಾಯ್ತು, ನಮ್ಮ ಕ್ಲಿನಿಕ್ಕಲ್ಲಿ ಕೆಲಸ ಬಾಕಿ ಬೇಕಾದಷ್ಟಿದೆ."

ಅವರು ಚಾಕು ಎತ್ತಿಕೊಂಡರು. ಕೈ ನಡುಗಿತು, ನಡುಗುತ್ತಲೇ ಕೇಕಿನವರೆಗೆ ಹೋಯಿತು. ಯಾರೂ ಮುಖ ತಿರುಗಿಸಲಿಲ್ಲ. ಸುತ್ತಲಿನ ಎಲ್ಲರಿಗೂ ಹಂಚಿ, ಪುಟ್ಟನ ಕೈಯಿಂದ ಚಮಚ ಕಸಿದುಕೊಂಡು ಅವನ ತಟ್ಟೆಯನ್ನು ಮಾತ್ರ ಆಚೆಗೆ ಸರಿಸಿದರು.

"ನಿನಗಿಲ್ಲ. ಹೊಲಿಗೆ ಹಸೀದಿದೆ. ಸೋಮವಾರ ಬಂದು ಕಿಟಕಿ ಪಕ್ಕದ ಕುರ್ಚೀಲಿ ಕೂತ್ಕೋ, ಬಿಚ್ತೀನಿ. ಬೆಂಚಲ್ಲಿ ಜನ ಇದ್ರೆ ಸರದಿ ಕಾಯ್ಬೇಕು."